ಅಸ್ಥಿಕ್ಷಯವೂ ಸೂಜಿಮದ್ದಿನ ನೇಮವೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸ)

 

ಮಠಮಾನ್ಯಗಳ ಉತ್ಸವಗಳಿಗೆ ಬರುವ ವೃದ್ಧ ಮಾತೆಯರನ್ನು ಗಮನಿಸಿದವರಿಗೆ ಒಂದು ಸಂಗತಿ ಕಂಡೇ ಇರುವುದು. ಒಂದು ಕಾಲದಲ್ಲಿ ಎಡೆಯೂರಿನ ಜಾತ್ರೆಗೆ ಗಾಡಿಯ ಹಿಂದೆ ನಡೆದೇ ಬರುತ್ತಿದ್ದ ತಾಯಿ, ಇಂದು ಕೋಲೂರಿ, ನೆಲವನ್ನು ನೋಡುತ್ತ ಬರುತ್ತಾಳೆ. ಮದುವೆಯ ಕಾಲಕ್ಕೆ ಹೊಸ್ತಿಲ ತೋರಣವನ್ನು ಕೈಚಾಚಿ ಮುಟ್ಟುತ್ತಿದ್ದವಳಿಗೆ ಈಗ ಗೂಡಿನ ದೀಪವೂ ಎಟಕದು. ಮನೆಯವರು ಇದನ್ನು ವಯೋಧರ್ಮವೆಂದು ತಿಳಿದು ಸುಮ್ಮನಿರುತ್ತಾರೆ. ಮುಂದೊಂದು ದಿನ ಬಚ್ಚಲಲ್ಲಿ ಕಾಲುಜಾರಿ ತೊಡೆಯ ಮೂಳೆ ಮುರಿದರೆ, ಅದನ್ನೂ ಹಣೆಬರಹವೆಂದು ಹೇಳುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲ. ಬೆನ್ನು ಬಾಗಿದ್ದು ಬಹುಮಟ್ಟಿಗೆ ವ್ಯಾಧಿಯಿಂದ; ಆ ವ್ಯಾಧಿಗೆ ಮದ್ದುಂಟು; ಆ ಮದ್ದುಗಳಲ್ಲಿ ಪ್ರಬಲವಾದವು ಸೂಜಿಯ ಮೂಲಕ ಕೊಡತಕ್ಕವು. ಆದರೆ ಈ ಸೂಜಿಮದ್ದು ಜ್ವರಕ್ಕೆ ಚುಚ್ಚಿಸಿಕೊಳ್ಳುವ ಸೂಜಿಯಂತೆ ಒಂದು ದಿನದ ವ್ಯವಹಾರವಲ್ಲ. ಹಿಡಿದ ನೇಮವನ್ನು ನಡುವೆ ಬಿಟ್ಟರೆ ಕೆಲವು ಸಂದರ್ಭಗಳಲ್ಲಿ ಮೊದಲಿಗಿಂತಲೂ ಹೆಚ್ಚಿನ ಹಾನಿಯಾಗುವುದು. ಇದನ್ನು ಸದ್ಭಕ್ತರಿಗೆ ಬಿಡಿಸಿ ಹೇಳುವುದೇ ಪ್ರಕೃತ ಉಪನ್ಯಾಸದ ಉದ್ದೇಶವು.

ಶರಣಮಾರ್ಗದಲ್ಲಿ ಶರೀರವನ್ನು ಹಳಿಯುವ ಪದ್ಧತಿಯಿಲ್ಲ. ಕಾಯಕಕ್ಕೆ ಕಾಯವೇ ಸಾಧನವಾದಕಾರಣ ಅದನ್ನು ಕಾಪಾಡಿಕೊಳ್ಳುವುದೂ ಕಾಯಕದ ಅಂಗವೇ ಸರಿ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ೧೯೦೭ರಲ್ಲಿ ಜನಿಸಿ ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ೧೧೧ ವರ್ಷಗಳ ಕಾಲ ಬಾಳಿದುದನ್ನೂ, ನೂರು ದಾಟಿದ ಮೇಲೂ ನಿತ್ಯಕಾಯಕವನ್ನು ಬಿಡದೆ ನಡೆಸಿದುದನ್ನೂ ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. ವೃದ್ಧಾಪ್ಯವೆಂದರೆ ಮೂಲೆ ಸೇರುವುದೆಂಬ ಮಾತು ತುಮಕೂರಿನವರ ಬಾಯಲ್ಲಿ ಶೋಭಿಸದು.

ಅಸ್ಥಿಯ ವಿಷಯವು ಈ ದೇಶದ ವೈದ್ಯಶಾಸ್ತ್ರಕ್ಕೆ ಹೊಸತಲ್ಲ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಏಳು ಧಾತುಗಳನ್ನು ಎಣಿಸಿದ ಪ್ರಾಚೀನರು ಅಸ್ಥಿಧಾತುವು ಕುಗ್ಗಿದಾಗ ಕಾಣುವ ಲಕ್ಷಣಗಳನ್ನೂ ಹೇಳಿದ್ದಾರೆ. ಕೂದಲು, ಉಗುರು, ಹಲ್ಲುಗಳು ಬೀಳುವುದು, ಆಯಾಸ, ಸಂಧಿಗಳ ಸಡಿಲಿಕೆ ಇವೇ ಚರಕಸಂಹಿತೆಯಲ್ಲಿ ಬರುವ ಅಸ್ಥಿಕ್ಷಯದ ಚಿಹ್ನೆಗಳು. ಚರಕನ ಲೆಕ್ಕದಲ್ಲಿ ಶರೀರದ ಅಸ್ಥಿಗಳು ೩೬೦. ಸುಶ್ರುತನ ಲೆಕ್ಕದಲ್ಲಿ ೩೦೦. ಇಂದಿನ ಶಾರೀರಶಾಸ್ತ್ರದಲ್ಲಿ ೨೦೬. ಹಲ್ಲು, ಉಗುರು, ಮೃದ್ವಸ್ಥಿಗಳನ್ನೂ ಸೇರಿಸಿ ಎಣಿಸಿದ್ದರಿಂದ ಹಿಂದಿನವರ ಸಂಖ್ಯೆ ಹೆಚ್ಚಾಯಿತೇ ಹೊರತು ಅವರಿಗೆ ಎಣಿಕೆ ಬರುತ್ತಿರಲಿಲ್ಲವೆಂದಲ್ಲ. ಪಾಶ್ಚಾತ್ಯರು ಆಸ್ಟಿಯೋಪೊರೋಸಿಸ್ ಎಂದು ಕರೆಯುವ ಈ ಕಾಯಿಲೆಗೆ ಕನ್ನಡದಲ್ಲಿ ಮೂಳೆಸವೆತವೆಂದೂ ಅಸ್ಥಿರಂಧ್ರತೆಯೆಂದೂ ಹೆಸರುಗಳು ಬಳಕೆಯಲ್ಲಿವೆ. ಮುಟ್ಟು ನಿಂತ ತರುವಾಯ ಸ್ತ್ರೀಯರಲ್ಲಿ ಇದು ವಿಶೇಷವಾಗಿ ಕಾಣುವುದೆಂಬುದನ್ನು ೧೯೪೧ರಲ್ಲಿ ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಎಂಬವನು ತನ್ನ ಜೊತೆಗಾರರೊಡನೆ ವಿವರಿಸಿದನು.

ಈ ರೋಗದ ಸ್ವರೂಪವನ್ನು ತಿಳಿಯಲು ಕುಣಿಗಲಿನ ದೊಡ್ಡಕೆರೆಯ ಏರಿಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಕೆರೆಯ ಏರಿಯನ್ನು ಒಮ್ಮೆ ಕಟ್ಟಿ ಬಿಟ್ಟರೆ ಅದು ನಿಲ್ಲುವುದಿಲ್ಲ. ಸಡಿಲಾದ ಮಣ್ಣನ್ನು ಅಗೆದು ತೆಗೆಯುವ ಆಳುಗಳು ಒಂದು ಗುಂಪು, ಆ ಗುಂಡಿಗೆ ಹೊಸ ಮಣ್ಣು ತುಂಬಿ ದಮ್ಮಸು ಮಾಡುವವರು ಇನ್ನೊಂದು ಗುಂಪು. ಇಬ್ಬರೂ ಸಮನಾಗಿ ದುಡಿದರೆ ಏರಿ ಹೊಸದಾಗುತ್ತಲೇ ಇರುತ್ತದೆ. ಮಾನವನ ಎಲುಬಿನಲ್ಲಿಯೂ ಹೀಗೆಯೇ. ಹಳೆಯ ಮೂಳೆಯನ್ನು ಕರಗಿಸುವ ಜೀವಕಣಗಳು ಕೆಲವು, ಹೊಸ ಮೂಳೆಯನ್ನು ಕಟ್ಟುವ ಜೀವಕಣಗಳು ಕೆಲವು. ಪ್ರಾಯದಲ್ಲಿ ಎರಡೂ ಸರಿದೂಗುತ್ತವೆ. ಮುಟ್ಟು ನಿಂತ ಬಳಿಕ ಸ್ತ್ರೀಯರ ಶರೀರದಲ್ಲಿ ಈಸ್ಟ್ರೋಜನ್ ಎಂಬ ರಸವು ಇಳಿದುಹೋಗುವುದರಿಂದ ಅಗೆಯುವ ಆಳುಗಳ ಕೈ ಮೇಲಾಗುತ್ತದೆ. ತುಂಬುವವರು ಹಿಂದೆ ಬೀಳುತ್ತಾರೆ. ಹೊರಗಿನಿಂದ ನೋಡಿದರೆ ಏರಿ ಹಾಗೆಯೇ ಇರುವಂತೆ ಕಾಣುವುದು. ಒಳಗೆ ಮಾತ್ರ ಟೊಳ್ಳು. ಪುರುಷರೂ ಇದಕ್ಕೆ ಹೊರತಲ್ಲ, ಅವರಿಗೆ ತಡವಾಗಿ ಬರುವುದು ಅಷ್ಟೆ.

ಈ ಟೊಳ್ಳುತನವು ನೋವಿಲ್ಲದೆ ಬೆಳೆಯುವುದರಿಂದ ಮೊದಲ ಮೂಳೆ ಮುರಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ಬೆನ್ನೆಲುಬಿನ ಮಣಿಗಳು ಕುಸಿದಾಗಲಂತೂ ಅರ್ಧದಷ್ಟು ಜನರಿಗಾದರೂ ಅದು ಮುರಿತವೆಂದೇ ಗೊತ್ತಾಗದು. ಸೊಂಟ ಹಿಡಿದಿದೆಯೆಂದು ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುವರು. ತೊಡೆಯ ಮೂಳೆಯ ಕತ್ತಿನ ಮುರಿತವು ಇವೆಲ್ಲಕ್ಕಿಂತ ಭಯಂಕರವಾದುದು. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಹೀಗೆ ಮುರಿದುಕೊಂಡ ವೃದ್ಧರಲ್ಲಿ ಐವರಿಗೊಬ್ಬರಾದರೂ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಬದುಕಿದವರಲ್ಲಿ ಬಹುಮಂದಿ ಮೊದಲಿನಂತೆ ನಡೆಯರು. ಮೂಳೆಯ ಸಾಂದ್ರತೆಯನ್ನು ಅಳೆಯುವುದಕ್ಕೆ ಡೆಕ್ಸಾ ಎಂಬ ಪರೀಕ್ಷೆಯುಂಟು. ಮಲಗಿದ್ದಂತೆಯೇ ಕೆಲವು ನಿಮಿಷಗಳಲ್ಲಿ ಮುಗಿಯುವ, ನೋವಿಲ್ಲದ ಪರೀಕ್ಷೆ ಅದು. ಅದರಲ್ಲಿ ಬರುವ ಅಂಕವು ಸೊನ್ನೆಗಿಂತ ಎರಡೂವರೆ ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೯೪ರಲ್ಲಿ ಗೊತ್ತುಮಾಡಿತು. ಸಣ್ಣ ಬೀಳಿನಿಂದಲೇ ತೊಡೆಯ ಅಥವಾ ಬೆನ್ನಿನ ಮೂಳೆ ಮುರಿದಿದ್ದರೆ ಅಂಕವನ್ನು ಕಾಯಬೇಕಾಗಿಯೂ ಇಲ್ಲ, ಮುರಿತವೇ ಸಾಕ್ಷಿ.

ಇನ್ನು ಸೂಜಿಮದ್ದಿನ ವಿಚಾರ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಇನ್ಸುಲಿನ್ ಸೂಜಿಯನ್ನು ಅರಿಯದ ಮನೆ ಇಂದು ಯಾವ ಊರಿನಲ್ಲಿಯೂ ಇಲ್ಲ. ಆ ಇನ್ಸುಲಿನ್ನನ್ನು ರೋಗಿಗಳಿಗೆ ಕೊಡಲು ಯೋಗ್ಯವಾಗುವಂತೆ ಕೆನಡಾ ದೇಶದಲ್ಲಿ ಶುದ್ಧಿಮಾಡಿದವನು ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು. ಆತನೇ ೧೯೨೫ರಲ್ಲಿ ಕುತ್ತಿಗೆಯೊಳಗಿನ ನಾಲ್ಕು ಸಣ್ಣ ಗ್ರಂಥಿಗಳಿಂದ ಮತ್ತೊಂದು ರಸವನ್ನು ಬೇರ್ಪಡಿಸಿದನು. ಪ್ಯಾರಾಥೈರಾಯ್ಡ್ ರಸವೆಂದು ಅದರ ಹೆಸರು. ರಕ್ತದಲ್ಲಿ ಸುಣ್ಣದ ಅಂಶ ಕಡಮೆಯಾದರೆ ಮೂಳೆಯ ಭಂಡಾರದಿಂದ ತೆಗೆದು ರಕ್ತಕ್ಕೆ ಕೊಡುವುದೇ ಈ ರಸದ ಅಧಿಕಾರ. ಆದ್ದರಿಂದ ಇದು ಸದಾಕಾಲ ಹೆಚ್ಚಾಗಿದ್ದವರ ಮೂಳೆ ಕರಗುತ್ತದೆ. ಹಾಗಿದ್ದಮೇಲೆ ಮೂಳೆ ಸವೆದವರಿಗೆ ಇದನ್ನೇ ಕೊಡುವುದು ಉರಿಯುವ ಮನೆಗೆ ಎಣ್ಣೆ ಹೊಯ್ದಂತಾಗದೆ? ಪ್ರಶ್ನೆ ಯುಕ್ತವಾದುದೇ. ಆದರೆ ಇಲ್ಲಿಯೇ ಒಂದು ಅದ್ಭುತವಿದೆ. ಅದೇ ರಸವನ್ನು ದಿನಕ್ಕೊಮ್ಮೆ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ, ರಕ್ತದಲ್ಲಿ ಅದು ಏರಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದರಿಂದ, ಅಗೆಯುವವರಿಗಿಂತ ಮೊದಲು ತುಂಬುವ ಆಳುಗಳು ಎಚ್ಚತ್ತು ಕೆಲಸಕ್ಕೆ ತೊಡಗುತ್ತಾರೆ. ನಿರಂತರವಾಗಿ ಸುರಿದರೆ ವಿಷ, ಹೊತ್ತಿಗೆ ಸರಿಯಾಗಿ ಹನಿಸಿದರೆ ಅಮೃತ. ಪ್ರಮಾಣವೂ ಕಾಲವೂ ಸೇರಿಯೇ ಔಷಧವಾಗುವುದೆಂದು ಹಿಂದಿನ ವೈದ್ಯರು ಹೇಳುತ್ತಿದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ರಸವು ೮೪ ಘಟಕಗಳ ಒಂದು ಸರಪಣಿ. ಅದರ ಮೊದಲ ೩೪ ಘಟಕಗಳನ್ನು ಮಾತ್ರ ಸೂಕ್ಷ್ಮಾಣುಜೀವಿಗಳ ಮೂಲಕ ತಯಾರಿಸಿದ ಮದ್ದಿಗೆ ಟೆರಿಪ್ಯಾರಟೈಡ್ ಎಂದು ಹೆಸರು. ಅಮೆರಿಕದಲ್ಲಿ ಇದಕ್ಕೆ ೨೦೦೨ರಲ್ಲಿ ಅನುಮತಿ ದೊರೆಯಿತು; ಭಾರತದ ಕಂಪನಿಗಳೂ ಇದನ್ನು ತಯಾರಿಸುತ್ತವೆ. ನುಂಗುವ ಗುಳಿಗೆಯಾಗಿ ಏಕೆ ಕೊಡಬಾರದು ಎಂದು ಕೇಳಿದರೆ, ಇದು ಮಾಂಸತತ್ತ್ವದ ವಸ್ತುವಾದುದರಿಂದ ಜಠರಾಗ್ನಿಯು ಇದನ್ನು ಬೇಳೆಯನ್ನು ಜೀರ್ಣಿಸಿದಂತೆ ಜೀರ್ಣಿಸಿಬಿಡುತ್ತದೆ. ಎಲ್ಲ ಮದ್ದನ್ನೂ ಬಾಯಿಂದಲೇ ಕೊಡಬೇಕೆಂಬ ನಿಯಮ ಆಯುರ್ವೇದದಲ್ಲಿಯೂ ಇರಲಿಲ್ಲ. ಅಸ್ಥಿಗತ ವ್ಯಾಧಿಗಳಿಗೆ ಕಹಿದ್ರವ್ಯಗಳನ್ನು ಹಾಲು ತುಪ್ಪಗಳೊಡನೆ ಸೇರಿಸಿದ ವಸ್ತಿಯನ್ನು ಪ್ರಾಚೀನರು ವಿಧಿಸಿದ್ದುಂಟು. ಸೂಜಿಯೆಂದರೆ ಹಿಂಜರಿಯುವ ಹಿರಿಯರು ಇದನ್ನು ನೆನೆಯಬಹುದು.

ಟೆರಿಪ್ಯಾರಟೈಡ್ ಲೇಖನಿಯಂಥ ಒಂದು ಉಪಕರಣದಲ್ಲಿ ಬರುತ್ತದೆ. ದಿನಕ್ಕೊಮ್ಮೆ ೨೦ ಮೈಕ್ರೋಗ್ರಾಂ, ತೊಡೆಗೆ ಅಥವಾ ಹೊಟ್ಟೆಯ ಚರ್ಮದ ಕೆಳಗೆ, ಮನೆಯಲ್ಲಿಯೇ ಚುಚ್ಚಿಕೊಳ್ಳಬಹುದು. ೨೦೦೧ರಲ್ಲಿ ಪ್ರಕಟವಾದ ಪ್ರಸಿದ್ಧ ಪರೀಕ್ಷೆಯಲ್ಲಿ, ಅದಾಗಲೇ ಬೆನ್ನೆಲುಬು ಕುಸಿದಿದ್ದ ೧೬೩೭ ಸ್ತ್ರೀಯರನ್ನು ವಿಭಾಗಿಸಿ ಕೆಲವರಿಗೆ ಮದ್ದನ್ನೂ ಕೆಲವರಿಗೆ ಬರಿಯ ನೀರುಮದ್ದನ್ನೂ ಕೊಟ್ಟು ನೋಡಿದರು. ನೀರುಮದ್ದಿನವರಲ್ಲಿ ನೂರಕ್ಕೆ ೧೪ ಜನರಿಗೆ ಬೆನ್ನೆಲುಬಿನ ಹೊಸ ಮುರಿತವಾಯಿತು. ಈ ಪ್ರಮಾಣದ ಮದ್ದು ಪಡೆದವರಲ್ಲಿ ನೂರಕ್ಕೆ ೫ ಜನರಿಗೆ ಮಾತ್ರ. ಇಲಿಗಳಿಗೆ ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮೂಳೆಯ ಅರ್ಬುದ ಕಂಡುದರಿಂದ ಬಹುಕಾಲ ಈ ಮದ್ದಿನ ಮೇಲೆ ಕಠಿಣ ಎಚ್ಚರಿಕೆಯನ್ನು ಮುದ್ರಿಸುತ್ತಿದ್ದರು. ಮಾನವರಲ್ಲಿ ಅಂಥದು ಹೆಚ್ಚಿದುದು ಕಾಣದಿದ್ದುದರಿಂದ ೨೦೨೦ರಲ್ಲಿ ಅಮೆರಿಕದವರು ಆ ಎಚ್ಚರಿಕೆಯನ್ನು ತೆಗೆದುಹಾಕಿದರು. ಆದರೂ ಸಾಮಾನ್ಯವಾಗಿ ಎರಡು ವರ್ಷಗಳಿಗಿಂತ ಹೆಚ್ಚಾಗಿ ಇದನ್ನು ಕೊಡುವುದಿಲ್ಲ. ಅರ್ಬುದವು ಮೂಳೆಗೆ ಹರಡಿದ್ದವರಿಗೂ ಮೂಳೆಗೆ ವಿಕಿರಣಚಿಕಿತ್ಸೆಯಾದವರಿಗೂ ಕೊಡುವುದೇ ಇಲ್ಲ. ಮೊದಮೊದಲು ಎದ್ದು ನಿಂತಾಗ ತಲೆಸುತ್ತು ಬರುವುದುಂಟಾದುದರಿಂದ, ಮೊದಲ ಕೆಲವು ದಿನ ಮಂಚದ ಮೇಲೆ ಕುಳಿತೇ ಚುಚ್ಚಿಸಿಕೊಳ್ಳುವುದು ಲೇಸು. ಬೀಳದಿರಲೆಂದು ತೆಗೆದುಕೊಂಡ ಮದ್ದಿನಿಂದಲೇ ಬಿದ್ದರೆಂಬ ಅಪಖ್ಯಾತಿ ಬೇಡ.

ಉಳಿದ ಸೂಜಿಮದ್ದುಗಳು ಬೇರೆ ದಾರಿ ಹಿಡಿಯುವವು. ಅವು ತುಂಬುವವರನ್ನು ಎಬ್ಬಿಸುವುದಿಲ್ಲ. ಅಗೆಯುವವರ ಕೈಯನ್ನು ಕಟ್ಟುತ್ತವೆ. ಜೋಲೆಡ್ರೋನಿಕ್ ಆಮ್ಲವೆಂಬುದು ವರ್ಷಕ್ಕೊಮ್ಮೆ ೫ ಮಿಲಿಗ್ರಾಂ, ಹದಿನೈದು ನಿಮಿಷಕ್ಕೆ ಕಡಮೆಯಿಲ್ಲದಂತೆ ನಿಧಾನವಾಗಿ ರಕ್ತನಾಳಕ್ಕೆ ಇಳಿಸತಕ್ಕದ್ದು. ೨೦೦೭ರಲ್ಲಿ ಪ್ರಕಟವಾದ, ಏಳು ಸಾವಿರಕ್ಕೂ ಮಿಕ್ಕ ಸ್ತ್ರೀಯರ ಮೂರು ವರ್ಷಗಳ ಪರೀಕ್ಷೆಯಲ್ಲಿ ತೊಡೆಯ ಮೂಳೆ ಮುರಿದವರು ನೀರುಮದ್ದಿನ ಕಡೆ ನೂರಕ್ಕೆ ಎರಡೂವರೆ, ಮದ್ದಿನ ಕಡೆ ಸುಮಾರು ಒಂದೂವರೆ. ಮೊದಲ ಸಲ ಕೊಟ್ಟಾಗ ಎರಡು ಮೂರು ದಿನ ಜ್ವರ, ಮೈಕೈ ನೋವು ಬಂದರೆ ಗಾಬರಿಪಡಬೇಕಾಗಿಲ್ಲ. ಮೂತ್ರಪಿಂಡಗಳು ದುರ್ಬಲವಾಗಿದ್ದವರಿಗೆ ಮಾತ್ರ ಇದು ಸಲ್ಲದು. ರಕ್ತಪರೀಕ್ಷೆಯಿಲ್ಲದೆ ಯಾವ ವೈದ್ಯನೂ ಇದನ್ನು ಏರಿಸತಕ್ಕುದಲ್ಲ. ಮನೆಯಲ್ಲಿ ಶೀತಪೆಟ್ಟಿಗೆಯಿಲ್ಲದ, ಪಟ್ಟಣಕ್ಕೆ ವರ್ಷಕ್ಕೊಮ್ಮೆ ಬರುವುದೂ ಕಷ್ಟವಾದ ಹಳ್ಳಿಯ ಬಡ ವೃದ್ಧೆಗೆ, ಮೂತ್ರಪಿಂಡ ಸರಿಯಿದ್ದಲ್ಲಿ, ಇವುಗಳಲ್ಲೆಲ್ಲ ಇದೇ ಅನುಕೂಲವಾದುದೆಂದು ಹೇಳಬೇಕು. ಇದು ಮೂಳೆಯಲ್ಲಿಯೇ ಅಂಟಿಕೊಂಡು ಬಹುಕಾಲ ಉಳಿಯುವುದರಿಂದ ಮುಂದಿನ ಸೂಜಿ ಒಂದೆರಡು ತಿಂಗಳು ತಡವಾದರೂ ಆಕಾಶ ಕಳಚಿ ಬೀಳದು.

ಆದರೆ ಮೂರನೆಯದಾದ ಡೆನೋಸುಮಾಬ್ ಎಂಬುದರಲ್ಲಿ ಹಾಗಲ್ಲ. ಮಹಾಶಯರೇ, ಈ ಉಪನ್ಯಾಸದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಭಾಗ ಇದೇ.

ಡೆನೋಸುಮಾಬ್ ಆರು ತಿಂಗಳಿಗೊಮ್ಮೆ ೬೦ ಮಿಲಿಗ್ರಾಂ ಚರ್ಮದ ಕೆಳಗೆ ಕೊಡತಕ್ಕ ಮದ್ದು. ಅಮೆರಿಕದಲ್ಲಿ ಇದಕ್ಕೆ ೨೦೧೦ರಲ್ಲಿ ಅನುಮತಿಯಾಯಿತು. ಅದಕ್ಕೆ ಹಿಂದಿನ ವರ್ಷ ಪ್ರಕಟವಾದ, ೭೮೬೮ ಸ್ತ್ರೀಯರ ಪರೀಕ್ಷೆಯಲ್ಲಿ ಬೆನ್ನೆಲುಬಿನ ಹೊಸ ಮುರಿತವು ಮೂರು ವರ್ಷಗಳಲ್ಲಿ ನೂರಕ್ಕೆ ೭ರಿಂದ ಸುಮಾರು ೨ಕ್ಕೆ ಇಳಿದುದು ಕಂಡಿತು. ಚುಚ್ಚಿಸಿಕೊಳ್ಳುವುದು ಸುಲಭ, ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದವರಿಗೂ ಕೊಡಬಹುದು, ಗುಣವೂ ಬಲವಾದದ್ದು. ಹೀಗಾಗಿ ವೈದ್ಯರಿಗೂ ರೋಗಿಗಳಿಗೂ ಇದು ಪ್ರಿಯವಾಯಿತು. ಕೊಡಬಾರದ ಕಡೆಯೂ ಉಂಟು: ಮೂತ್ರಪಿಂಡ ತೀರ ಕೆಟ್ಟು ಡಯಾಲಿಸಿಸ್ ನಡೆಯುತ್ತಿರುವವರಲ್ಲಿ ಇದರಿಂದ ರಕ್ತದ ಸುಣ್ಣದ ಅಂಶ ಅಪಾಯಕರವಾಗಿ ಕುಸಿಯಬಹುದೆಂದು ೨೦೨೪ರಲ್ಲಿ ಅಮೆರಿಕದ ಔಷಧಾಧಿಕಾರಿಗಳು ಕಠಿಣ ಎಚ್ಚರಿಕೆಯನ್ನು ಸೇರಿಸಿದರು.

ಇದರ ಕಾರ್ಯಕ್ರಮವನ್ನು ಅದೇ ಕೆರೆಯ ಏರಿಯ ದೃಷ್ಟಾಂತದಿಂದ ತಿಳಿಯಬಹುದು. ಈ ಮದ್ದು ಅಗೆಯುವ ಆಳುಗಳನ್ನು ಕೊಲ್ಲುವುದಿಲ್ಲ. ಅವರು ಕೆಲಸಕ್ಕೆ ಬರದಂತೆ ಊರ ಬಾಗಿಲನ್ನು ಮುಚ್ಚಿ ಹಿಡಿಯುತ್ತದೆ. ಬಾಗಿಲ ಹೊರಗೆ ದಿನೇ ದಿನೇ ಆಳುಗಳ ಗುಂಪು ಸೇರುತ್ತಲೇ ಇರುವುದು. ಆರು ತಿಂಗಳಿಗೆ ಸರಿಯಾಗಿ ಮುಂದಿನ ಸೂಜಿ ಬಿದ್ದರೆ ಬಾಗಿಲು ಹಾಗೆಯೇ ಭದ್ರ. ಬೀಳದಿದ್ದರೆ, ಮದ್ದು ಶರೀರದಲ್ಲಿ ಉಳಿಯದೆ ತೀರಿಹೋಗುವುದರಿಂದ, ಬಾಗಿಲು ಒಮ್ಮೆಗೇ ತೆರೆದುಕೊಂಡು ಕಾದಿದ್ದವರೆಲ್ಲ ಹಾರೆ ಗುದ್ದಲಿಗಳೊಡನೆ ಏರಿಯ ಮೇಲೆ ನುಗ್ಗುತ್ತಾರೆ. ಹಲವು ವರ್ಷ ಗಳಿಸಿದ ಮೂಳೆ ಒಂದೆರಡು ವರ್ಷದಲ್ಲಿ ಕಳೆದುಹೋಗುವುದು. ಕೆಲವರಲ್ಲಿ ಬೆನ್ನೆಲುಬಿನ ಒಂದಲ್ಲ, ಎರಡು ಮೂರು ಮಣಿಗಳು ಒಟ್ಟಿಗೆ ಕುಸಿದುದನ್ನು ವೈದ್ಯರು ಕಂಡು ೨೦೧೭ರಿಂದೀಚೆಗೆ ಎಚ್ಚರಿಕೆಗಳನ್ನು ಪ್ರಕಟಿಸಿದ್ದಾರೆ. ಹಿಂದೆಯೇ ಬೆನ್ನೆಲುಬು ಕುಸಿದಿದ್ದವರಿಗೆ ಈ ಅಪಾಯ ಹೆಚ್ಚು. ೨೦೨೦ರಲ್ಲಿ ಕೊರೋನಾ ಮಾರಿಯಿಂದ ಜನರು ಆಸ್ಪತ್ರೆಗೆ ಹೋಗಲಾರದೆ ಇದ್ದಾಗ, ಅಸ್ಥಿವೈದ್ಯರ ಅಂತರರಾಷ್ಟ್ರೀಯ ಸಂಘಗಳು ಒಟ್ಟುಗೂಡಿ, ಈ ಸೂಜಿಯನ್ನು ಕೊನೆಯ ಸೂಜಿಯಿಂದ ಏಳು ತಿಂಗಳಿನಾಚೆಗೆ ತಡಮಾಡಬಾರದೆಂದು ಸೂಚನೆಯನ್ನು ಹೊರಡಿಸಬೇಕಾಯಿತು.

ಈಗ ಕುಣಿಗಲು ಸೀಮೆಯ ಒಬ್ಬ ವೃದ್ಧೆಯನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನು ತಾಯಿಯನ್ನು ಕರೆದೊಯ್ದು ದೊಡ್ಡ ವೈದ್ಯರಿಗೆ ತೋರಿಸುತ್ತಾನೆ. ಸೂಜಿಯಾಗುತ್ತದೆ. ಆರು ತಿಂಗಳಿಗೆ ಎರಡನೆಯದೂ ಆಗುತ್ತದೆ. ಬೆನ್ನುನೋವು ಕಡಮೆಯಾಯಿತೆಂದು ತಾಯಿ ಊರಿಗೆ ಹಿಂದಿರುಗುತ್ತಾಳೆ. ಊರಿನಲ್ಲಿ ರಾಗಿ ಕಟಾವು, ತರುವಾಯ ಮೊಮ್ಮಗಳ ಮದುವೆ, ತರುವಾಯ ಮಗನಿಗೆ ರಜೆಯಿಲ್ಲ. ಗುಣವಾದಮೇಲೆ ಇನ್ನೇಕೆ ಖರ್ಚು ಎಂದು ಆಕೆಯೇ ಹೇಳುತ್ತಾಳೆ. ಯಾರ ಮೇಲೂ ತಪ್ಪು ಹೊರಿಸಲಾಗದಂತೆ ಒಂಬತ್ತು ತಿಂಗಳು, ಹತ್ತು ತಿಂಗಳು ಕಳೆದುಹೋಗುತ್ತವೆ. ನೀರಿನ ಬಿಂದಿಗೆಯನ್ನು ಎತ್ತಿದ ಒಂದು ಬೆಳಗ್ಗೆ ಬೆನ್ನು ಚುಳುಕ್ಕೆನ್ನುತ್ತದೆ. ಮದ್ದು ಫಲಿಸಲಿಲ್ಲವೆಂದು ಊರವರು ಆಡಿಕೊಳ್ಳುತ್ತಾರೆ. ಮದ್ದು ಫಲಿಸಿತ್ತು, ಬಿಟ್ಟುದೇ ಕೆಟ್ಟದಾಯಿತು. ಈ ಮದ್ದನ್ನು ನಿಲ್ಲಿಸಲೇಬೇಕಾದ ಪ್ರಸಂಗ ಬಂದರೆ ಅದಕ್ಕೂ ವಿಧಾನವುಂಟು. ಕೊನೆಯ ಸೂಜಿಯಾದ ಆರು ತಿಂಗಳ ಸುಮಾರಿಗೆ ಜೋಲೆಡ್ರೋನಿಕ್ ಆಮ್ಲವನ್ನೋ ಅದೇ ಜಾತಿಯ ಗುಳಿಗೆಯನ್ನೋ ವೈದ್ಯರು ಬದಲಿಗೆ ಕೊಡುತ್ತಾರೆ. ಬಾಗಿಲು ತೆರೆಯುವ ಮೊದಲೇ ಒಳಗೆ ಬೇರೆ ಕಾವಲನ್ನು ಇಟ್ಟಂತೆ ಅದು. ಆದ್ದರಿಂದ ಡೆನೋಸುಮಾಬಿನ ಮೊದಲ ಸೂಜಿಯ ದಿನವೇ ವೈದ್ಯರನ್ನು ಕೇಳತಕ್ಕ ಪ್ರಶ್ನೆ ಯಾವುದೆಂದರೆ, ಇದನ್ನು ಎಷ್ಟು ವರ್ಷ, ಆಮೇಲೆ ಯಾವುದನ್ನು ಎಂಬುದು. ಇದನ್ನು ಕೇಳುವುದು ಅವಿನಯವಲ್ಲ.

ಟೆರಿಪ್ಯಾರಟೈಡಿಗೂ ಇದೇ ನ್ಯಾಯ ಸ್ವಲ್ಪ ಭೇದದೊಡನೆ ಅನ್ವಯಿಸುತ್ತದೆ. ಎರಡು ವರ್ಷ ತುಂಬಿದಮೇಲೆ ಅಗೆಯುವವರನ್ನು ತಡೆಯುವ ಮದ್ದನ್ನು ಹಿಂದೆಯೇ ಕೊಡದಿದ್ದರೆ, ಕಟ್ಟಿದ ಹೊಸ ಮೂಳೆ ಕ್ರಮೇಣ ಕರಗಿಹೋಗುವುದು. ಮದ್ದುಗಳ ಅನುಕ್ರಮವೂ ಮುಖ್ಯವಾದುದು. ಮೊದಲು ಟೆರಿಪ್ಯಾರಟೈಡ್, ಆಮೇಲೆ ಡೆನೋಸುಮಾಬ್ ಕೊಟ್ಟವರಲ್ಲಿ ಮೂಳೆ ಏರುತ್ತಲೇ ಹೋದುದನ್ನೂ, ಮೊದಲು ಡೆನೋಸುಮಾಬ್ ಕೊಟ್ಟು ಅದನ್ನು ಬಿಡಿಸಿ ಟೆರಿಪ್ಯಾರಟೈಡಿಗೆ ತಂದವರಲ್ಲಿ ಮೂಳೆ ಕೆಲಕಾಲ ಇಳಿದುದನ್ನೂ ೨೦೧೫ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಂಡಿದ್ದಾರೆ. ಒಬ್ಬ ವೈದ್ಯರನ್ನು ಬಿಟ್ಟು ಮತ್ತೊಬ್ಬರಲ್ಲಿಗೆ ಹೋಗುವವರು ಹಿಂದಿನ ಚೀಟಿಯನ್ನು ಮರೆಮಾಡದೆ ತೋರಿಸಬೇಕೆಂಬುದು ಇದರಿಂದ ತಾನಾಗಿಯೇ ಸಿದ್ಧವಾಗುವುದು. ರೋಮೋಸೋಜುಮಾಬ್ ಎಂಬ ಇನ್ನೊಂದು ಮದ್ದು ೨೦೧೯ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ದಕ್ಷಿಣ ಆಫ್ರಿಕದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಮೂಳೆ ಅತಿಯಾಗಿ ಬೆಳೆಯುವ ಅಪರೂಪದ ರೋಗವನ್ನು ಶೋಧಿಸಿದುದರ ಫಲ ಅದು. ತಿಂಗಳಿಗೊಮ್ಮೆ, ಒಂದು ವರ್ಷ ಮಾತ್ರ ಕೊಡತಕ್ಕದ್ದು. ಹೃದಯಾಘಾತ, ಪಾರ್ಶ್ವವಾಯುಗಳಾಗಿ ವರ್ಷ ತುಂಬದವರಿಗೆ ಸಲ್ಲದು.

ಹಳ್ಳಿಗಳಲ್ಲಿ ಸೂಜಿಯೆಂದರೆ ಒಂದು ವಿಚಿತ್ರವಾದ ಗೌರವವುಂಟು. ಗುಳಿಗೆ ಕೊಟ್ಟ ವೈದ್ಯ ಸಾಮಾನ್ಯ, ಸೂಜಿ ಚುಚ್ಚಿದವನು ಪ್ರವೀಣ ಎಂಬ ಭಾವನೆ ಇನ್ನೂ ಹೋಗಿಲ್ಲ. ಮಂಡಿನೋವಿಗೆಂದು ಸಂತೆಯ ದಿನ ಯಾರೋ ಚುಚ್ಚುವ ಸೂಜಿ, ಹೆಸರಿಲ್ಲದ ಪೊಟ್ಟಣದ ಪುಡಿ, ಇವುಗಳಲ್ಲಿ ಅನೇಕ ವೇಳೆ ಸ್ಟೀರಾಯ್ಡ್ ಎಂಬ ವಸ್ತು ಇರುತ್ತದೆ. ಎರಡು ದಿನಕ್ಕೆ ನೋವು ಮಾಯವಾಗಿ, ಮುಖ ದುಂಡಗಾಗಿ, ಹಸಿವು ಹೆಚ್ಚಿ, ಕೊಟ್ಟವನಿಗೆ ಕೀರ್ತಿ ಬರುವುದು. ತಿಂಗಳುಗಟ್ಟಲೆ ಅದನ್ನೇ ಸೇವಿಸಿದರೆ ಮೂಳೆಯನ್ನು ಒಳಗಿನಿಂದ ತಿಂದು ಹಾಕುವ ಮದ್ದುಗಳಲ್ಲಿ ಅದಕ್ಕೆ ಸಮಾನವಾದುದಿಲ್ಲ. ಅಸ್ಥಿಕ್ಷಯದ ಸೂಜಿಮದ್ದಿಗೂ ಈ ನೋವಿನ ಸೂಜಿಗೂ ಹೆಸರಿನಲ್ಲಿ ಮಾತ್ರ ಸಾಮ್ಯ. ಮೇಲೆ ಹೇಳಿದ ಮದ್ದುಗಳು ನೋವನ್ನು ಕೂಡಲೇ ಕಳೆಯುವುವಲ್ಲ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳತಕ್ಕವೂ ಅಲ್ಲ. ಆದರೆ ಶ್ವಾಸರೋಗವೇ ಮೊದಲಾದವುಗಳಿಗೆ ತಜ್ಞರೇ ಸ್ಟೀರಾಯ್ಡನ್ನು ಬರೆದಿದ್ದರೆ ಅದನ್ನು ತಟ್ಟನೆ ಬಿಡುವುದೂ ಪ್ರಾಣಾಪಾಯಕರ. ಬಿಡುವುದಾದರೆ ಅವರನ್ನು ಕೇಳಿಯೇ ಬಿಡಬೇಕು.

ತುಮಕೂರು ಜಿಲ್ಲೆಯವರು ವಿಶೇಷವಾಗಿ ವಿಚಾರಮಾಡಬೇಕಾದ ಇನ್ನೊಂದು ವಿಷಯವಿದೆ. ಪಾವಗಡ, ಮಧುಗಿರಿ, ಶಿರಾ ಸೀಮೆಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದು ಪ್ರಸಿದ್ಧವೇ ಆಗಿದೆ. ಗುಬ್ಬಿ ಕುಣಿಗಲು ಕಡೆಗೆ ಆ ಸೀಮೆಯಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳೂ ಅನೇಕರು. ಇಂಥ ನೀರಿನಿಂದ ಮೂಳೆ ಕೆಡುವುದನ್ನು ಭಾರತದಲ್ಲಿ ಮೊದಲು ೧೯೩೭ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರಿನಲ್ಲಿ ವರ್ಣಿಸಿದರು. ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ ಒಂದೂವರೆಯವರೆಗೆ ಸಹ್ಯವೆಂದು ಭಾರತೀಯ ಮಾನಕವು ಹೇಳುತ್ತದೆ. ಚಮತ್ಕಾರವೇನೆಂದರೆ, ಈ ಫ್ಲೋರೈಡನ್ನೇ ಪಾಶ್ಚಾತ್ಯ ವೈದ್ಯರು ಒಂದು ಕಾಲದಲ್ಲಿ ಅಸ್ಥಿಕ್ಷಯಕ್ಕೆ ಮದ್ದಾಗಿ ಕೊಟ್ಟು ನೋಡಿದರು. ೧೯೯೦ರಲ್ಲಿ ಅಮೆರಿಕದಿಂದ ಪ್ರಕಟವಾದ ನಾಲ್ಕು ವರ್ಷಗಳ ಪರೀಕ್ಷೆಯಲ್ಲಿ ಬೆನ್ನೆಲುಬಿನ ಸಾಂದ್ರತೆಯು ನೂರಕ್ಕೆ ೩೫ರಷ್ಟು ಏರಿತು. ಆದರೆ ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ಇಳಿಯಲಿಲ್ಲ, ಕೈಕಾಲುಗಳ ಮುರಿತಗಳು ಹೆಚ್ಚಾದವು. ಮೂಳೆ ದಪ್ಪವಾಯಿತು, ಗಟ್ಟಿಯಾಗಲಿಲ್ಲ. ಪಾವಗಡದ ರೈತನು ಇದನ್ನು ಪರೀಕ್ಷೆಯಿಲ್ಲದೆಯೇ ಹೇಳಬಲ್ಲವನಾಗಿದ್ದನು. ಪ್ರಕೃತಕ್ಕೆ ಇದರ ಪ್ರಯೋಜನವೇನೆಂದರೆ, ಅಂಥ ನೀರನ್ನು ಬಹುವರ್ಷ ಕುಡಿದವರ ಡೆಕ್ಸಾ ಅಂಕವು ಚೆನ್ನಾಗಿಯೇ ಬಂದರೂ ಮೂಳೆ ದುರ್ಬಲವಾಗಿರಬಹುದು. ಆದಕಾರಣ ಹುಟ್ಟಿದೂರು ಯಾವುದು, ಎಷ್ಟು ವರ್ಷ ಯಾವ ಬಾವಿಯ ನೀರು ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳತಕ್ಕದ್ದು.

ಆಹಾರದ ಮಾತನ್ನು ಇಲ್ಲಿ ಉದ್ದ ಮಾಡುವ ಅಗತ್ಯವಿಲ್ಲ. ರಾಗಿಯ ನಾಡಿನವರಿಗೆ ರಾಗಿಯ ಮಹಿಮೆಯನ್ನು ಹೇಳುವುದು ಗಂಗೆಯ ತಡಿಯಲ್ಲಿ ಬಾವಿ ತೋಡಿದಂತೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವುಂಟು. ಮುಟ್ಟು ನಿಂತ ಸ್ತ್ರೀಗೆ ದಿನಕ್ಕೆ ೧೨೦೦ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೨೦ರ ಗೊತ್ತುವಳಿ. ಮುದ್ದೆ, ಹಾಲು, ಮಜ್ಜಿಗೆ, ಎಳ್ಳು, ಸೊಪ್ಪು ಇವುಗಳಿಂದ ಬಹುಭಾಗ ಒದಗೀತು. ಆದರೆ ಮುದ್ದೆ ತಿನ್ನುತ್ತೇವೆ, ನಮಗೆ ಮದ್ದೇಕೆ ಎನ್ನುವವರ ವಾದ ನಿಲ್ಲದು. ಮಣ್ಣಿನ ರಾಶಿ ಏರಿಯ ಪಕ್ಕದಲ್ಲಿ ಬಿದ್ದಿದ್ದರೆ ಸಾಲದು, ತುಂಬುವ ಆಳುಗಳು ಬೇಕಷ್ಟೆ. ಅಂತೆಯೇ ಮದ್ದು ಚುಚ್ಚಿಸಿಕೊಳ್ಳುತ್ತೇವೆ, ಆಹಾರವೇಕೆ ಎಂಬುದೂ ನಿಲ್ಲದು. ರಕ್ತದಲ್ಲಿ ಸುಣ್ಣದ ಅಂಶವೂ ವಿಟಮಿನ್ ಡಿ ಎಂಬುದೂ ಕಡಮೆಯಿರುವಾಗ ಡೆನೋಸುಮಾಬನ್ನಾಗಲಿ ಜೋಲೆಡ್ರೋನಿಕ್ ಆಮ್ಲವನ್ನಾಗಲಿ ಕೊಟ್ಟರೆ ಕೈಕಾಲು ಸೆಳೆತ ಬರುವುದುಂಟು. ಅವನ್ನು ಮೊದಲು ತುಂಬಿಕೊಂಡೇ ಸೂಜಿಗೆ ಹೋಗಬೇಕು. ಕೀಳಿಸಬೇಕಾದ ಹಲ್ಲಿದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಈ ಎರಡು ಮದ್ದುಗಳಿಂದ, ಅಪರೂಪವಾಗಿಯಾದರೂ, ಹಲ್ಲು ಕಿತ್ತ ದವಡೆಯ ಗಾಯ ಮಾಯದೆ ಉಳಿಯುವುದನ್ನು ಕಂಡಿದ್ದಾರೆ. ಬಹಳ ವರ್ಷ ಇವನ್ನು ಪಡೆದವರಲ್ಲಿ ತೊಡೆಯ ನಡುವೆ ಕಾರಣವಿಲ್ಲದೆ ನೋವು ಬಂದರೆ ತಿಳಿಸತಕ್ಕದ್ದು, ಅದೂ ಅಪರೂಪದ ಒಂದು ಮುರಿತದ ಮುನ್ಸೂಚನೆಯಾಗಿರಬಹುದು.

ಕೊನೆಗೆ ಮದ್ದನ್ನು ಮನೆಯಲ್ಲಿ ಇಡುವ ಕ್ರಮ. ಟೆರಿಪ್ಯಾರಟೈಡೂ ಡೆನೋಸುಮಾಬೂ ೨ರಿಂದ ೮ ಡಿಗ್ರಿಗಳ ತಣ್ಪಿನಲ್ಲಿರಬೇಕಾದವು, ಮಂಜುಗಟ್ಟಲೂ ಬಾರದು. ತುಮಕೂರಿನ ಅಂಗಡಿಯಿಂದ ಗುಬ್ಬಿಯ ಆಚೆಯ ಹಳ್ಳಿಗೆ ಚೈತ್ರಮಾಸದ ಮಧ್ಯಾಹ್ನದ ಬಸ್ಸಿನಲ್ಲಿ ಚೀಲದೊಳಗೆ ಸುಮ್ಮನೆ ಹಾಕಿಕೊಂಡು ಹೋದ ಮದ್ದು 
ಮದ್ದಾಗಿ ಉಳಿಯುವುದೆಂಬ ಭರವಸೆಯಿಲ್ಲ. ಅಂಗಡಿಯವನಿಂದ ತಣ್ಪಿನ ಪೊಟ್ಟಣದೊಡನೆ ಕಟ್ಟಿಸಿಕೊಂಡು ಬೆಳಗಿನ ಹೊತ್ತೇ ಹೊರಡಬೇಕು. ಅದು ಆಗದಿದ್ದರೆ ಡೆನೋಸುಮಾಬನ್ನು ಪಟ್ಟಣದಲ್ಲಿಯೇ ಚುಚ್ಚಿಸಿಕೊಂಡು ಬರಬಹುದು. ಟೆರಿಪ್ಯಾರಟೈಡಿನ ಲೇಖನಿಯನ್ನು ತೆರೆದ ೨೮ ದಿನಗಳ ಮೇಲೆ, ಒಳಗೆ ಮದ್ದು ಉಳಿದಿದ್ದರೂ, ಬಳಸಕೂಡದು. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯದೆ ಮುಚ್ಚಳವುಳ್ಳ ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಬೇಕು. ಬರಿಗಾಲಿನಲ್ಲಿ ತಿಪ್ಪೆ ತುಳಿಯುವ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಮನೆಯ ಗೋಡೆಯ ಪಂಚಾಂಗದಲ್ಲಿ ಏಕಾದಶಿ ಅಮಾವಾಸ್ಯೆಗಳ ಜೊತೆಗೆ ಮುಂದಿನ ಸೂಜಿಯ ದಿನವನ್ನೂ ಕೆಂಪುಶಾಯಿಯಲ್ಲಿ ಗುರುತುಮಾಡಿ, ಆ ದಿನ ತಾಯಿ ಹಳ್ಳಿಯಲ್ಲಿರುವಳೋ ಮಗನ ಮನೆಯಲ್ಲಿರುವಳೋ, ಕರೆದೊಯ್ಯುವವರು ಯಾರು, ಹಣ ಒದಗಿಸುವವರು ಯಾರು ಎಂಬುದನ್ನು ಒಂದು ತಿಂಗಳ ಮುಂಚೆಯೇ ಮಕ್ಕಳು ಮಾತಾಡಿಕೊಂಡಿರತಕ್ಕದ್ದು.